ಬಿದ್ದ ಲೆಕ್ಕ

ಐವತ್ತು ದಾಟಿದ ಹೆಂಗಸು ವಿಡಿಯೋ ಗೇಮ್ ಆಡುತ್ತಾಳೆಂದರೆ ನಗುವವರೇ ಹೆಚ್ಚು. ಅದೇ ಹೆಂಗಸು ಸಂಜೆಯೆಲ್ಲಾ ಧಾರಾವಾಹಿ ನೋಡುತ್ತಾ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ನಾನು ಮೂರು ಆಟಗಳನ್ನು ಆಡಿ ಮುಗಿಸಿದೆ. ಪ್ಲಾಟ್‌ಫಾರ್ಮರ್ ಎಂದು ಇವಕ್ಕೆ ಹೆಸರು. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರಬೇಕು, ನಡುವಿನ ಕಂದಕಕ್ಕೆ ಬೀಳಬಾರದು. ನಮ್ಮ ಕುಂಟೆಬಿಲ್ಲೆಯ ದೂರದ ನೆಂಟರು ಎಂದುಕೊಳ್ಳಿ. ಮೂರೂ 'ಇಂಡಿ' ಆಟಗಳು. ಅಂದರೆ ದೊಡ್ಡ ಕಂಪನಿಗಳ ಕಾರ್ಖಾನೆಯಲ್ಲಿ ತಯಾರಾದವಲ್ಲ, ಸಣ್ಣ ಸ್ವತಂತ್ರ ತಂಡಗಳು ಕೂತು ಕಟ್ಟಿದವು.

ಆಡುತ್ತಾ ಹೋದಂತೆ ನನಗೆ ಒಂದು ವಿಷಯ ಕುತೂಹಲವೆನ್ನಿಸಿತು. ಜಿಗಿಯುವುದು ಮೂರರಲ್ಲೂ ಒಂದೇ. ಆದರೆ ಬಿದ್ದವಳನ್ನು ಏನು ಮಾಡಬೇಕೆಂಬ ವಿಚಾರದಲ್ಲಿ ಒಂದೊಂದರ ನ್ಯಾಯವೂ ಬೇರೆ. 1985ರ ಸೂಪರ್ ಮಾರಿಯೋ ಆಟ ಮೂರು ಜೀವ ಕೊಟ್ಟು ಶುರುವಾಗುತ್ತಿತ್ತು. ಗಳಿಸಿಕೊಂಡದ್ದೂ ಸೇರಿ ಎಲ್ಲ ಜೀವ ತೀರಿದರೆ ಆಟ ಮುಗಿಯಿತು. ಆ ಕಾಲದ ನ್ಯಾಯ ಅದು.

ಮೊದಲು ಆಡಿದ್ದು 'ಲಿಂಬೋ'. ಡೆನ್ಮಾರ್ಕಿನ ಪ್ಲೇಡೆಡ್ ಎಂಬ ತಂಡ 2010ರಲ್ಲಿ ತಂದದ್ದು. ಬಣ್ಣವಿಲ್ಲ, ಬರೀ ಕಪ್ಪು, ಬಿಳಿ, ಮಂಜು. ಒಬ್ಬ ಪುಟ್ಟ ಹುಡುಗ ಕಾಡಿನಲ್ಲಿ ಕಣ್ಣು ಬಿಡುತ್ತಾನೆ, ತನ್ನ ತಂಗಿಯನ್ನು ಹುಡುಕುತ್ತಾ ಹೊರಡುತ್ತಾನೆ. ಯಾರೂ ಒಂದು ಮಾತಾಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಕಬ್ಬಿಣದ ಬೋನು, ಮರದ ಹಿಂದೆ ಆಳೆತ್ತರ ಮೀರಿದ ಜೇಡ. ಹುಡುಗನಿಗೆ ಈಜು ಬಾರದು, ನೀರಿಗೆ ಬಿದ್ದರೆ ಮುಳುಗಿಯೇ ಹೋಗುತ್ತಾನೆ. ಅಪಾಯ ಇದೆ ಎಂದು ಗೊತ್ತಾಗುವುದೇ ಅದು ಕೊಂದ ಮೇಲೆ. ಸತ್ತೊಡನೆ ಕೆಲವೇ ಹೆಜ್ಜೆ ಹಿಂದೆ ಎಬ್ಬಿಸಿ ನಿಲ್ಲಿಸುತ್ತದೆ, ನಿಜ. ಆದರೂ ಪ್ರತಿ ಸಾವನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸಿಯೇ ಎಬ್ಬಿಸುತ್ತದೆ. ಬೆತ್ತ ಹಿಡಿದು ಮಗ್ಗಿ ಕಲಿಸುವ ಮೇಷ್ಟ್ರ ಹಾಗೆ. ಮಗ್ಗಿ ಬರುತ್ತದೆ, ಜೊತೆಗೆ ರಾತ್ರಿ ಕೆಟ್ಟ ಕನಸೂ ಬರುತ್ತದೆ.

ಎರಡನೆಯದು 'ಗ್ರಿಸ್'. ಬಾರ್ಸಿಲೋನಾದ ನೊಮಾಡಾ ಸ್ಟುಡಿಯೋದವರು 2018ರಲ್ಲಿ ತಂದದ್ದು. ಕೊನ್ರಾಡ್ ರೊಸೆಟ್ ಎಂಬ ಚಿತ್ರಕಾರರ ಜಲವರ್ಣದ ಲೋಕ. ದುಃಖದಿಂದ ದನಿ ಕಳೆದುಕೊಂಡ ಹುಡುಗಿಯೊಬ್ಬಳು ಬಣ್ಣವೆಲ್ಲ ಇಂಗಿಹೋದ ಜಗತ್ತಿನಲ್ಲಿ ನಡೆಯುತ್ತಾಳೆ. ಮೊದಲು ಕೆಂಪು, ಆಮೇಲೆ ಹಸಿರು, ನೀಲಿ, ಹಳದಿ, ಹೀಗೆ ಒಂದೊಂದೇ ಬಣ್ಣ ಮರಳುತ್ತದೆ. ಬಿರುಗಾಳಿ ಬೀಸಿದಾಗ ಅವಳು ತೊಟ್ಟ ಉಡುಪೇ ಕಲ್ಲಿನಂತೆ ಭಾರವಾಗಿ ಅವಳನ್ನು ನೆಲಕ್ಕೆ ಊರಿ ನಿಲ್ಲಿಸುತ್ತದೆ. ಮನೆಯಲ್ಲಿ ಸಾವು ಕಂಡ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಆಟದಲ್ಲಿ ಸಾವೇ ಇಲ್ಲ. ಎಷ್ಟು ಎತ್ತರದಿಂದ ಬಿದ್ದರೂ ಅವಳಿಗೆ ಏನೂ ಆಗುವುದಿಲ್ಲ. ಕಣ್ಣು ತುಂಬಿ ಬರುವಷ್ಟು ಚೆಂದ. ಆದರೂ ಮುಗಿಸಿದಾಗ ನಾನೇನೋ ಗೆದ್ದೆ ಅನ್ನಿಸಲಿಲ್ಲ. ಯಾರೋ ಕೈ ಹಿಡಿದು ತೋಟ ಸುತ್ತಿಸಿ ಬಿಟ್ಟಂತೆ ಅನ್ನಿಸಿತು.

ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಮೂರನೆಯದು, 'ಸೆಲೆಸ್ಟ್'. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಎಂಬಿಬ್ಬರು 2015ರಲ್ಲಿ ನಾಲ್ಕೇ ದಿನಗಳಲ್ಲಿ ಇದರ ಪುಟ್ಟ ಮೊದಲ ರೂಪ ಮಾಡಿದರು. ಪೂರ್ಣ ಆಟ ಬಂದದ್ದು 2018ರಲ್ಲಿ. ಮ್ಯಾಡೆಲಿನ್ ಎಂಬ ಹುಡುಗಿ ಬೆಟ್ಟ ಹತ್ತಬೇಕು, ಕಥೆ ಅಷ್ಟೆ. ಅವಳಿಗೆ ಆಗಾಗ ಎದೆ ಬಿಗಿಯುವ ದಿಗಿಲು. ಒಡೆದ ಕನ್ನಡಿಯಿಂದ ಅವಳದೇ ಇನ್ನೊಂದು ರೂಪ ಹೊರಬಂದು, 'ನಿನ್ನಿಂದಾಗದು, ಹಿಂದಿರುಗು' ಎನ್ನುತ್ತಾ ಅಟ್ಟಿಸಿಕೊಂಡು ಬರುತ್ತದೆ. ಒಂದು ಕಡೆ ತೂಗುತೊಟ್ಟಿಲಿನಂಥ ಗಾಡಿ ನಡುದಾರಿಯಲ್ಲಿ ನಿಂತು ಅವಳಿಗೆ ಉಸಿರು ಕಟ್ಟಿದಾಗ, ಜೊತೆಯಲ್ಲಿದ್ದ ಥಿಯೋ ಎಂಬ ಹುಡುಗ, ಒಂದು ಗರಿಯನ್ನು ಉಸಿರಿನಿಂದಲೇ ತೇಲಿಸುತ್ತಿದ್ದೇನೆ ಎಂದುಕೋ ಎನ್ನುತ್ತಾನೆ. ಗುಂಡಿ ಒತ್ತಿ ಬಿಡುತ್ತಾ ಆ ಗರಿಯನ್ನು ತೇಲಿಸುವ ಕೆಲಸ ನಮ್ಮದು. ನನ್ನ ಉಸಿರೂ ಅದರ ಜೊತೆಗೇ ನಿಧಾನವಾಯಿತು.

ಬಲು ಕಷ್ಟದ ಆಟ. ಮೊದಲ ಅಧ್ಯಾಯ ಮುಗಿಯುವ ಹೊತ್ತಿಗೆ ನಾನು 214 ಸಲ ಬಿದ್ದಿದ್ದೆ. ಆಟವೇ ಲೆಕ್ಕ ಇಟ್ಟು ತೋರಿಸುತ್ತದೆ. ಅದನ್ನು ನೋಡಿ ಮುಖ ಸಣ್ಣದು ಮಾಡಿಕೊಳ್ಳುವಷ್ಟರಲ್ಲಿ ಒಂದು ಪೋಸ್ಟ್ ಕಾರ್ಡ್ ಬರುತ್ತದೆ: ಹೆಚ್ಚು ಸಲ ಸತ್ತಿದ್ದೀಯೆಂದರೆ ಹೆಚ್ಚು ಕಲಿಯುತ್ತಿದ್ದೀಯ, ಆ ಲೆಕ್ಕಕ್ಕೆ ಹೆಮ್ಮೆಪಡು ಎಂಬ ಅರ್ಥದ್ದು. ಬರೀ ಬಾಯಿಮಾತಲ್ಲ. ಬಿದ್ದ ಮರುಕ್ಷಣ ಅದೇ ತೆರೆಯ ಬಾಗಿಲಿನಲ್ಲೇ ನಿಲ್ಲಿಸುತ್ತದೆ, ದಾಟಿ ಬಂದದ್ದು ಯಾವುದೂ ಕೈಬಿಡುವುದಿಲ್ಲ. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಸರದಿ ಹೋಗುತ್ತಿತ್ತೇ ಹೊರತು ಗೆದ್ದ ಮನೆ ಹೋಗುತ್ತಿರಲಿಲ್ಲವಲ್ಲ, ಹಾಗೆ.

ಇನ್ನೊಂದು ಗುಟ್ಟಿದೆ. ಬಂಡೆಯಂಚು ದಾಟಿ ಕಾಲು ಗಾಳಿಯಲ್ಲಿದ್ದರೂ, ಕಣ್ಣೆವೆ ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಈಗಲೂ ಹಾರಬಹುದು ಎಂದು ಆಟ ಕಾಯುತ್ತದೆ. ಇದಕ್ಕೆ ಕೊಯೋಟಿ ಟೈಮ್ ಎನ್ನುತ್ತಾರೆ. ಅಮೆರಿಕದ ಹಳೆಯ ಕಾರ್ಟೂನಿನ ತೋಳನಂಥ ಪ್ರಾಣಿಯೊಂದು ಅಂಚು ದಾಟಿ ಓಡಿ, ಕೆಳಗೆ ನೋಡಿದ ಮೇಲೆಯೇ ಬೀಳುತ್ತದಲ್ಲ, ಅದರ ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗ್ರೇಸ್ ಮಾರ್ಕ್ಸು. ಆದರೆ ಕೊಟ್ಟೆನೆಂದು ಹೇಳಿಕೊಳ್ಳುವುದಿಲ್ಲ. ಹಾರಿದವಳು ತಾನೇ ಸರಿಯಾಗಿ ಹಾರಿದೆನೆಂದುಕೊಳ್ಳುತ್ತಾಳೆ. ಅಷ್ಟೂ ಸಾಲದವರಿಗೆ ವೇಗ ತಗ್ಗಿಸಿಕೊಳ್ಳುವ, ಬೇಕಾದರೆ ಸಾವೇ ಇಲ್ಲದಂತೆ ಮಾಡಿಕೊಳ್ಳುವ ಅನುಕೂಲ ಬೇರೆ ಇದೆ. ಬೆಟ್ಟ ಮಾತ್ರ ತನ್ನ ಎತ್ತರವನ್ನು ಒಂದು ಗೇಣೂ ತಗ್ಗಿಸಿಕೊಂಡಿಲ್ಲ.

ಇಲ್ಲಿ ನನಗೆ ನನ್ನ ಹತ್ತನೇ ತರಗತಿಯ ಹುಡುಗಿಯೊಬ್ಬಳ ನೆನಪಾಯಿತು. ಐದು ವಿಷಯ ಪಾಸಾಗಿದ್ದವು, ಗಣಿತವೊಂದು ಹೋಗಿತ್ತು. ಮನೆಯವರು ಎಣಿಸಿದ್ದು ಹೋದ ಒಂದನ್ನೇ. ಮತ್ತೆ ಕಟ್ಟಿಸಿ ಎಂದು ನಾನು ಎರಡು ಸಲ ಹೋಗಿ ಹೇಳಿದರೂ ಅವಳ ಬ್ಯಾಗು ಅಟ್ಟ ಸೇರಿತು. ಅವಳ ತಮ್ಮನಿಗೂ ಅದೇ ಗಣಿತ ಹೋಯಿತು, ಅವನನ್ನು ಟ್ಯೂಷನ್ನಿಗೆ ಕಳಿಸಿದರು. ಬಿದ್ದವರಿಗೆಲ್ಲ ಒಂದೇ ನ್ಯಾಯವಿಲ್ಲ. ಹುಡುಗಿ ಬಿದ್ದರೆ ಹತ್ತಿದ ಮೆಟ್ಟಿಲುಗಳನ್ನೂ ಕಿತ್ತುಕೊಳ್ಳುತ್ತಾರೆ.

2024ರಲ್ಲಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಮೂರು ಪರೀಕ್ಷೆಗಳ ಅವಕಾಶ ಬಂದಾಗ, ಇನ್ನು ಮಕ್ಕಳಿಗೆ ಭಯವೇ ಇರುವುದಿಲ್ಲ ಎಂದವರಿದ್ದರು. ಅವರನ್ನು ಒಂದು ಸಂಜೆ ಈ ಬೆಟ್ಟದ ಕೆಳಗೆ ಕೂರಿಸಬೇಕು. ಮತ್ತೆ ಹತ್ತಬಹುದು ಎಂದು ಗೊತ್ತಿದ್ದುದರಿಂದ ನನ್ನ ಶ್ರದ್ಧೆಯೇನೂ ಕಡಿಮೆಯಾಗಲಿಲ್ಲ. ಬೆಟ್ಟದ ತುದಿ ಹತ್ತಿರವಾದಾಗ ಮ್ಯಾಡೆಲಿನ್ ತನ್ನ ಇನ್ನೊಂದು ರೂಪದೊಂದಿಗೆ ಜಗಳವಾಡಿ ಪಾತಾಳಕ್ಕೆ ಬೀಳುತ್ತಾಳೆ. ಅಲ್ಲಿ ಇಬ್ಬರೂ ರಾಜಿಯಾಗಿ ಬುಡದಿಂದ ಮತ್ತೆ ಹತ್ತುತ್ತಾರೆ. ಈ ಸಲ ವೇಗವಾಗಿ, ಏಕೆಂದರೆ ಕಲಿತದ್ದು ಅವಳ ಜೊತೆಗೇ ಬಿದ್ದಿತ್ತು, ಜೊತೆಗೇ ಎದ್ದಿತು.

ತುದಿ ಮುಟ್ಟಿದಾಗ ನನ್ನ ಲೆಕ್ಕ ನಾಲ್ಕು ಸಾವಿರ ದಾಟಿತ್ತು. ಈ ಬೆಟ್ಟದಲ್ಲಿ ಅಲ್ಲಲ್ಲಿ ಕ್ಯಾಸೆಟ್ಟುಗಳನ್ನು ಅಡಗಿಸಿಟ್ಟಿದ್ದಾರೆ. ಒಂದು ಸಿಕ್ಕರೆ ಆ ಅಧ್ಯಾಯದ ಇನ್ನೂ ಕಠಿಣ ರೂಪ, 'ಬಿ ಸೈಡ್', ತೆರೆದುಕೊಳ್ಳುತ್ತದೆ. ನನಗೆ ಒಂದು ಕ್ಯಾಸೆಟ್ಟು ಸಿಕ್ಕಿದೆ. ದಸರಾ ರಜೆಗೆಂದು ಇಟ್ಟುಕೊಂಡಿದ್ದೇನೆ.