ನಡುದಾರಿಯಲ್ಲೊಂದು ಲಂಡನ್

ಮಕ್ಕಳು ಉದ್ಯೋಗದ ನಿಮಿತ್ತ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ಇಂದು ನಮ್ಮಲ್ಲಿ ಅನೇಕ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ಕಾಣಲೆಂದೋ ಹೊರಡುವ ಹಿರಿಯರು, ಅಮೆರಿಕದ ವೀಸಾ ದೊರೆತೊಡನೆ ಕಾಗದಪತ್ರಗಳ ಚಿಂತೆ ತೀರಿತೆಂದು ಭಾವಿಸುತ್ತಾರೆ. ಆದರೆ ವಿಮಾನ ಬದಲಿಸಲು ನಡುವೆ ಇಳಿಯುವ ದೇಶಕ್ಕೂ ತನ್ನದೇ ಆದ ಕಟ್ಟಳೆಗಳಿರುತ್ತವೆ. ನಮ್ಮವರು ಹಾದುಹೋಗುವ ಲಂಡನ್ನಿನ ಹೀಥ್ರೂ ನಿಲ್ದಾಣವನ್ನೇ ನಿದರ್ಶನವಾಗಿ ನೋಡೋಣ.

ನಗರದ ಪಶ್ಚಿಮಕ್ಕಿರುವ ಈ ವಿಶಾಲ ನಿಲ್ದಾಣದಲ್ಲಿ 2ರಿಂದ 5ರವರೆಗೆ ನಾಲ್ಕು ಟರ್ಮಿನಲ್‌ಗಳಿವೆ. ಒಂದನೆಯದು 2015ರಲ್ಲಿ ಮುಚ್ಚಿತು. ಇಳಿದವರು ನೇರಳೆ ಬಣ್ಣದ ಫಲಕಗಳನ್ನು ಅನುಸರಿಸಿ ನಡೆದು, ಅಗತ್ಯವಿದ್ದರೆ ಬಸ್ಸಿನಲ್ಲಿ ಮತ್ತೊಂದು ಟರ್ಮಿನಲ್ ತಲುಪಿ, ಭದ್ರತಾ ತಪಾಸಣೆ ಮುಗಿಸಿ ಮುಂದಿನ ವಿಮಾನ ಏರಬಹುದು. ಈ ಹಾದಿಯಲ್ಲಿ ಬ್ರಿಟನ್ನಿನ ಇಮಿಗ್ರೇಷನ್ ತಪಾಸಣೆಯನ್ನು ದಾಟುವ ಪ್ರಸಂಗವಿಲ್ಲ. ಆದರೂ ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ‘ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ’ ಬೇಕೆಂಬುದು ಅಲ್ಲಿಯ ನಿಯಮ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದವರಿಗೆ ಇದರಿಂದ ವಿನಾಯಿತಿ ಉಂಟು.

ಇಲ್ಲಿ ‘ಚಾಲ್ತಿಯಲ್ಲಿರುವ’ ಎಂಬ ಮಾತನ್ನು ಗಮನಿಸಬೇಕು. ಅಮೆರಿಕದಲ್ಲಿ ಎಷ್ಟು ಕಾಲ ಉಳಿಯಬಹುದೆಂಬುದು ಪ್ರವೇಶದ ವೇಳೆ ಅಲ್ಲಿನ ಅಧಿಕಾರಿ ಕೊಡುವ ಅವಧಿಯನ್ನು ಅವಲಂಬಿಸಿದೆಯೇ ಹೊರತು ವೀಸಾದ ಕೊನೆಯ ದಿನಾಂಕವನ್ನಲ್ಲ. ಹೀಗಾಗಿ, ಮಗನ ಮನೆಯಲ್ಲಿ ಕ್ರಮಬದ್ಧವಾಗಿಯೇ ಉಳಿದಿರುವಾಗ ವೀಸಾದ ಅವಧಿ ತೀರಿಬಿಡಬಹುದು. ಹೋಗುವಾಗ ಇದ್ದ ವಿನಾಯಿತಿ ಹಿಂದಿರುಗುವಾಗಲೂ ಇರುತ್ತದೆಂದು ನಂಬದೆ, ಮರುಪ್ರಯಾಣದ ನಿಯಮವನ್ನು ಬೇರೆಯಾಗಿಯೇ ವಿಚಾರಿಸಬೇಕು.

ಎರಡನೆಯ ತೊಡಕು ಟಿಕೆಟ್ಟಿನದು. ಹಣ ಉಳಿಸಲೆಂದು ಲಂಡನ್‌ವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಕೊಂಡರೆ, ಲಗೇಜನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಲು ಇಮಿಗ್ರೇಷನ್ ದಾಟಬೇಕಾಗಬಹುದು. ಅದಕ್ಕೆ ‘ವಿಸಿಟರ್ ಇನ್ ಟ್ರಾನ್ಸಿಟ್’ ಎಂಬ ಬೇರೆಯ ವೀಸಾ. ಅದನ್ನು ಪಡೆದವರು 48 ಗಂಟೆಗಳೊಳಗೆ ಬ್ರಿಟನ್ ಬಿಡಬೇಕು. ಅಮೆರಿಕದ ವೀಸಾ ಉಳ್ಳವರನ್ನು ಅದಿಲ್ಲದೆಯೂ ಬಿಡುವ ಅವಕಾಶವಿದೆಯಾದರೂ ಅಂತಿಮ ತೀರ್ಮಾನ ಅಧಿಕಾರಿಯದೇ.

ಅಲ್ಲಿ ಹೋಗಿ ವಿನಂತಿಸಿಕೊಂಡರಾಯಿತು ಎನ್ನುವಂತಿಲ್ಲ. ಸರಿಯಾದ ಪತ್ರಗಳಿಲ್ಲದವರನ್ನು ಕರೆತಂದ ವಿಮಾನ ಸಂಸ್ಥೆಗೆ ದಂಡ ವಿಧಿಸುವ ಕಾಯಿದೆಯನ್ನು ಬ್ರಿಟನ್ 1987ರಲ್ಲಿಯೇ ಮಾಡಿತು. ಆದ್ದರಿಂದ ಪತ್ರಗಳ ಪರೀಕ್ಷೆ ಬೆಂಗಳೂರಿನ ಕೌಂಟರಿನಲ್ಲಿಯೇ ನಡೆಯುತ್ತದೆ. ಕೊರತೆ ಕಂಡರೆ ಪ್ರಯಾಣ ಅಲ್ಲಿಯೇ ನಿಲ್ಲುತ್ತದೆ. ಬೀಳ್ಕೊಡಲು ಬಂದವರೊಡನೆ ಮನೆಗೆ ಮರಳುವುದೊಂದೇ ದಾರಿ.

ಬಿಡುವು ಹೆಚ್ಚಿದ್ದರೆ ನಗರವನ್ನೂ ಕಾಣುವ ಹಂಬಲ ಸಹಜ. ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆಯಿದೆ. ಅಷ್ಟು ಸಮೀಪ ಹೋಗಿಯೂ ದರ್ಶನವಿಲ್ಲದೆ ಮುಂದುವರಿಯುವುದು ಯಾರಿಗೆ ತಾನೇ ಇಷ್ಟ? ಆದರೆ ಟ್ರಾನ್ಸಿಟ್ ಅನುಮತಿ ಹಾದುಹೋಗುವುದಕ್ಕಷ್ಟೇ. ಊರು ನೋಡುವ ಉದ್ದೇಶವಿದ್ದವರು ಮೊದಲೇ ‘ಸ್ಟ್ಯಾಂಡರ್ಡ್ ವಿಸಿಟರ್’ ವೀಸಾ ಪಡೆದು ಹೊರಡುವುದು ಲೇಸು.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಕಾಲಕಾಲಕ್ಕೆ ಬದಲಾಗುವುದೂ ಉಂಟು. ಅಮೆರಿಕವು ವೀಸಾ ಇಲ್ಲದೆ ಹಾದುಹೋಗಲು ಹಿಂದೆ ಕೆಲವರಿಗೆ ಕೊಟ್ಟಿದ್ದ ಅವಕಾಶವನ್ನು 2003ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಆದಕಾರಣ ಟಿಕೆಟ್ ಕೊಳ್ಳುವ ಮೊದಲೇ, ಎಲ್ಲಿ ಇಳಿಯುತ್ತೇವೆ, ಲಗೇಜು ಕೊನೆಯವರೆಗೆ ತಾನಾಗಿ ಹೋಗುವುದೇ, ಮರಳುವ ದಿನ ವೀಸಾ ಚಾಲ್ತಿಯಲ್ಲಿರುವುದೇ ಎಂಬ ಮೂರನ್ನು ಮಕ್ಕಳೊಡನೆ ಕುಳಿತು ಖಚಿತಪಡಿಸಿಕೊಳ್ಳಬೇಕು. ವಯಸ್ಸಾದವರು ಒಂಟಿಯಾಗಿ ಹೊರಟಾಗ ಈ ಮುನ್ನೆಚ್ಚರಿಕೆಯೇ ಅವರಿಗೆ ದೊಡ್ಡ ಆಸರೆ.