ಮನೇಲೇ ಇದ್ದೀಯಲ್ಲ!

ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಒಂದು ದೊಡ್ಡ ಕೊರತೆ ಇದೆ. ಅದು ಕೆಲಸದ ಹಾಗೆ ಕಾಣುವುದಿಲ್ಲ. ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ಓಡಿದವರು ಆಫೀಸಿನಲ್ಲಿ ದಿನವಿಡೀ ಕಾಫಿ ಕುಡಿದು ಹರಟಿದರೂ ಸಂಜೆಗೆ 'ಪಾಪ, ದಣಿದು ಬಂದ' ಅನ್ನಿಸಿಕೊಳ್ಳುತ್ತಾರೆ. ಊಟದ ಮೇಜಿನ ತುದಿಯಲ್ಲಿ ಕೂತು ಒಂದು ಅಧ್ಯಾಯದ ಕರಡು ತಿದ್ದಿ ಕಣ್ಣುಜ್ಜಿಕೊಳ್ಳುವವಳಿಗೆ ಸಿಗುವ ಮಾತೇ ಬೇರೆ: "ಹೇಗೂ ಮನೇಲೇ ಇದ್ದೀಯಲ್ಲಮ್ಮ." ಈ ಮಾತು ಯಾವತ್ತೂ ಒಂಟಿಯಾಗಿ ಬರುವುದಿಲ್ಲ. ಗ್ಯಾಸಿನವನು ಬರ್ತಾನೆ, ನೋಡ್ಕೋ. ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆರಿಸು. ಮೇಲಿನ ಮನೆಯವರ ಕೊರಿಯರ್ ಇಸ್ಕೊಂಡಿರು. ಟ್ಯಾಂಕ್ ತುಂಬಿತೇನೋ, ಮೋಟರ್ ಆಫ್ ಮಾಡು.

ನಮ್ಮ ಮನೆಯಲ್ಲಿ ಇಂಥ ಕೆಲಸದವರು ಇಬ್ಬರು. ನಮ್ಮವರು ಸಾಫ್ಟ್‌ವೇರಿನವರು, 2020ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಬೀಗ ಬಿದ್ದಾಗ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬಂದವರು, ಈಗ ಆಗಾಗ ಆಫೀಸಿಗೆ ಮುಖ ತೋರಿಸಿ ಬರುತ್ತಾರೆ. ನಾನು ಅದಕ್ಕೂ ಎಷ್ಟೋ ಮೊದಲಿನಿಂದ ಪ್ರಕಾಶಕರಿಗೆ ಕರಡು ತಿದ್ದಿಕೊಂಡು, ಅನುವಾದ ಮಾಡಿಕೊಂಡು ಮನೆಯಲ್ಲೇ ಇರುವವಳು. ಹಿರಿತನ ನೋಡಿದರೆ ಬಾಗಿಲಿರುವ ಕೋಣೆ ನನಗೆ ಸಲ್ಲಬೇಕಿತ್ತು. ಸಂದದ್ದು ಅವರಿಗೆ, ಏಕೆಂದರೆ ಅವರಿಗೆ ಮೀಟಿಂಗ್ ಇರುತ್ತದೆ. ಒಳಗಿನಿಂದ ಇಂಗ್ಲಿಷಿನ ನಾಲ್ಕು ಮಾತು ಕೇಳಿಸಿದರೆ ಸಾಕು, ಅತ್ತೆ ಟಿವಿ ಸದ್ದು ತಗ್ಗಿಸಿ ತುದಿಗಾಲಲ್ಲಿ ಓಡಾಡುತ್ತಾರೆ. ನನ್ನ ಕೆಲಸಕ್ಕೆ ಸದ್ದಿಲ್ಲ. ಸದ್ದಿಲ್ಲದೆ ಕೂತ ಹೆಂಗಸು ಅಂದರೆ ಅತ್ತೆಯ ಲೆಕ್ಕದಲ್ಲಿ ಪುರಸೊತ್ತಿನಲ್ಲಿರುವ ಹೆಂಗಸು. ಅವರನ್ನು ದೂರಿ ಪ್ರಯೋಜನವಿಲ್ಲ. ಅವರು ಜೀವಮಾನವಿಡೀ ಕಂಡ ಕೆಲಸಗಳೆಲ್ಲ ಸದ್ದು ಮಾಡುವಂಥವೇ: ರುಬ್ಬುವುದು, ಕುಟ್ಟುವುದು, ಒಗೆಯುವುದು.

ಸದ್ದು ಅಂದಾಗ ಇಳಕಲ್ಲಿನ ಮಗ್ಗಗಳು ನೆನಪಾಗುತ್ತವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ನೇಕಾರರ ಓಣಿ ಹೊಕ್ಕರೆ ಕೆಲಸ ನಡೆದಿರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮನೆಯೊಳಗೇ ಕುಣಿ ತೋಡಿ ಮಗ್ಗ ಹೂಡಿರುತ್ತಾರೆ. ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಮುಗಿಯಿತು. ಮೇಲೆ ಕೈಗೆ ಲಾಳಿ, ಕೆಳಗೆ ಕಾಲಿಗೆ ತುಳಿಯುವ ಹಲಗೆ. ಅಲ್ಲಿಂದ ಒಬ್ಬರನ್ನು ಎಬ್ಬಿಸಿ ಅಂಗಡಿಗೆ ಕಳಿಸುವುದು ಸುಲಭವಲ್ಲ. ಎದ್ದರೆ ಸದ್ದು ನಿಲ್ಲುತ್ತದೆ. ಸದ್ದು ನಿಂತರೆ ಪಕ್ಕದ ಮನೆಯವರಿಗೂ ತಿಳಿಯುತ್ತದೆ. ಮನೆಯವರು ಎಬ್ಬಿಸುವುದೂ ಇಲ್ಲ. ಅವರಲ್ಲೊಬ್ಬರು ಕಂಡಿಕೆ ಸುತ್ತುತ್ತ, ಇನ್ನೊಬ್ಬರು ಎಳೆ ಕೂಡಿಸುತ್ತ ಅದೇ ಕೆಲಸದೊಳಗೆ ಇರುತ್ತಾರೆ. ಅಲ್ಲಿ ಮಗ್ಗದ ಮನೆಯಲ್ಲಿ ಸಂಸಾರ ನಡೆಯುತ್ತದೆ. ನಮ್ಮಲ್ಲಿ ಸಂಸಾರದ ಮನೆಯಲ್ಲಿ ಕೆಲಸ ಬಾಡಿಗೆಗಿದೆ. ಬಾಡಿಗೆಯವರಿಗೆ ಸಿಗುವಷ್ಟೇ ಮರ್ಯಾದೆ ಅದಕ್ಕೂ.

ಅಭ್ಯಾಸ ಬೆಳೆಸಿಕೊಳ್ಳುವುದು ಹೇಗೆಂದು ಬೋಧಿಸುವವರು ಇಂಥ ಕುಣಿಯ ಸುದ್ದಿ ಎತ್ತುವುದಿಲ್ಲ, ಮನೋಬಲದ ಸುದ್ದಿ ಎತ್ತುತ್ತಾರೆ. ನಸುಕಿಗೆ ಏಳಿ, ಫೋನು ದೂರವಿಡಿ, 21 ದಿನ ಬಿಡದೆ ಮಾಡಿ, ಆಮೇಲೆ ನೋಡಿ. ಈ 21ರ ಜಾಡು ಹಿಡಿದು ಹೋದರೆ ಸಿಗುವವರು ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್. ಮೂಗು ತಿದ್ದಿಸಿಕೊಂಡವರಿಗೆ ಕನ್ನಡಿಯೊಳಗಿನ ಹೊಸ ಮುಖ ತಮ್ಮದೇ ಅನ್ನಿಸಲು ಕನಿಷ್ಠ 21 ದಿನ ಬೇಕು ಎಂಬ ಅರ್ಥದ ಮಾತನ್ನು ಅವರು 1960ರ ತಮ್ಮ ಪುಸ್ತಕದಲ್ಲಿ ಬರೆದರು. ಅದು ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಉದುರಿಹೋಯಿತು, ಮೂಗೂ ಉದುರಿಹೋಯಿತು, 21 ಮಾತ್ರ ಉಳಿಯಿತು.

ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಕೂಡಿಸಿ ನಿಜಕ್ಕೂ ಎಣಿಸಿದರು. 2010ರಲ್ಲಿ ಅಚ್ಚಾದ ಅವರ ಲೆಕ್ಕದಂತೆ, ಹೊಸದೊಂದು ರೂಢಿ ತಾನಾಗಿ ನಡೆಯತೊಡಗಲು ಹೆಚ್ಚುಕಡಿಮೆ 66 ದಿನ ಹಿಡಿಯುತ್ತದೆ. ಕೆಲವರಿಗೆ 18 ದಿನಕ್ಕೇ ಹತ್ತುತ್ತದೆ, ಕೆಲವರಿಗೆ ಅಂದಾಜು 254 ದಿನವೂ ಬೇಕಾದೀತು. ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ ಎಂಬ ಸಮಾಧಾನವೂ ಅದರಲ್ಲಿದೆ. ನಮ್ಮಲ್ಲಿ ಮಂಡಲ ಅಂದರೆ 48 ದಿನ, ಶಬರಿಮಲೆಯ ವ್ರತಕ್ಕೆ 41 ದಿನ. ಈ ವಿಷಯದಲ್ಲಿ ಮಾಲ್ಟ್ಜ್ ಅವರಿಗಿಂತ ನಮ್ಮ ಗುರುಸ್ವಾಮಿಗಳೇ ವಿಜ್ಞಾನಕ್ಕೆ ಹತ್ತಿರ.

ಗುರುಸ್ವಾಮಿಗಳ ಹತ್ತಿರ ಕಲಿಯಬೇಕಾದ್ದು ಇನ್ನೂ ಇದೆ. ವರ್ಷವಿಡೀ ಬೆಳಗ್ಗೆ ಎಂಟಕ್ಕೆ ಮುಂಚೆ ಕಣ್ಣು ಬಿಡದವನು, ಸಿಗರೇಟು ಬಿಡುತ್ತೇನೆಂದು ಪ್ರತಿ ಯುಗಾದಿಗೆ ಹೇಳಿ ಪ್ರತಿ ಬಿದಿಗೆಗೆ ಹಚ್ಚುವವನು, ಕೊರಳಿಗೆ ಮಾಲೆ ಬಿದ್ದ ಮರುದಿನದಿಂದ ನಸುಕಿನಲ್ಲಿ ತಣ್ಣೀರು ಸುರಿದುಕೊಂಡು ಬರಿಗಾಲಲ್ಲಿ ನಡೆಯುತ್ತಾನೆ. ಒಂದೇ ರಾತ್ರಿಯಲ್ಲಿ ಅವನ ಮನೋಬಲ ಹೆಚ್ಚಿತೆ? ಇಲ್ಲ. ಮೈಮೇಲೆ ಕಪ್ಪು ಬಟ್ಟೆ ಬಂತು, ಹೊತ್ತಿಗೆ ಸರಿಯಾಗಿ ಪೂಜೆ ಬಂತು, ಎಲ್ಲಕ್ಕಿಂತ ಮಿಗಿಲಾಗಿ ಬೀದಿಯವರೆಲ್ಲ ಅವನನ್ನು 'ಸ್ವಾಮಿ' ಎಂದು ಕರೆಯತೊಡಗಿದರು. ಬೀಡಾ ಅಂಗಡಿಯವನೇ "ಏನು ಬೇಕು ಸ್ವಾಮಿ?" ಎಂದರೆ ಸಿಗರೇಟು ಕೇಳುವ ಬಾಯಿ ಎಲ್ಲಿಂದ ಬರಬೇಕು? ಅವನ ಶಿಸ್ತನ್ನು ಅವನೊಬ್ಬನೇ ಹೊತ್ತಿಲ್ಲ, ಇಡೀ ಬೀದಿ ಹೊತ್ತಿದೆ. ಮಾಲೆ ತೆಗೆದ ವಾರಕ್ಕೆ ಅವನು ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುವುದು ಕೂಡ ಇದೇ ಕಾರಣಕ್ಕೆ.

ಇದನ್ನು ನೋಡಿಯೇ ನಾನೂ ಒಂದು ಮಾಲೆ ಮಾಡಿಕೊಂಡೆ. ಎರಡನೇ ಕಾಫಿ ಆದದ್ದೇ ತಡ, ನೈಟಿ ಬದಲಿಸಿ ಚೂಡಿದಾರ್ ಹಾಕಿಕೊಂಡು, ತಲೆ ಬಾಚಿ, ಕೈಗೆ ವಾಚು ಕಟ್ಟಿಕೊಳ್ಳುತ್ತೇನೆ. ಶುರುವಿನಲ್ಲಿ ಅತ್ತೆ ಗಾಬರಿಯಾದರು.

"ಎಲ್ಲಿಗೆ ಹೊರಟೆಯಮ್ಮ?"

"ಕೆಲಸಕ್ಕೆ, ಅತ್ತೆ" ಎಂದು ಊಟದ ಮೇಜಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತೆ.

ಅವರು ನಕ್ಕರು. ಮರುದಿನವೂ ಕೇಳಿದರು, ಮರುದಿನವೂ ನಕ್ಕರು. ಆಮೇಲೊಂದು ದಿನ ಯಾರಿಗೋ ಫೋನಿನಲ್ಲಿ "ಅವಳು ಕೆಲಸದಲ್ಲಿದ್ದಾಳೆ, ಮಧ್ಯಾಹ್ನ ಮಾಡಿ" ಎಂದು ಹೇಳುವುದು ಕಿವಿಗೆ ಬಿತ್ತು. ವಾಚು ಕಟ್ಟಿದರೆ ನಾನು ಕೆಲಸದಲ್ಲಿ, ಬಿಚ್ಚಿದರೆ ಮನೆಯಲ್ಲಿ ಎನ್ನುವುದು ಮನೆಗೆ ಗೊತ್ತಾಗಿದೆ. ನಮ್ಮವರದು ಇನ್ನೂ ಅರೆ ದೀಕ್ಷೆ: ಸೊಂಟದಿಂದ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಪಂಚೆ. ಕ್ಯಾಮೆರಾ ಎದೆಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆಯ ಮೇಲೆ ಅವರ ಮರ್ಯಾದೆ ನಿಂತಿದೆ.

ಹೊತ್ತನ್ನು ತುಂಡು ಮಾಡಿಕೊಳ್ಳುವ ಉಪಾಯವೂ ಅಡುಗೆಮನೆಯಿಂದಲೇ ಬಂದದ್ದು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಓದು ಮುಂದೆ ಸಾಗದೆ, ಟೊಮೆಟೊ ಆಕಾರದ ಅಡುಗೆಮನೆ ಟೈಮರೊಂದನ್ನು ಮುಂದಿಟ್ಟುಕೊಂಡು ಕೂತರು. ಅದೇ ಬೆಳೆದು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪದ್ಧತಿಯಾಗಿ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಮನೆಗಳಲ್ಲಿ ಕುಕ್ಕರಿಗಿಂತ ಒಳ್ಳೆಯ ಟೈಮರ್ ಯಾವುದಿದೆ? ಆದರೆ ಸಿರಿಲ್ಲೊ ಅವರ ಟೊಮೆಟೊ ಬರೀ ಗಂಟೆ ಬಾರಿಸಿತು, ಅದನ್ನು ಅವರು ಸಾರು ಮಾಡಬೇಕಾಗಿರಲಿಲ್ಲ. ನನ್ನ ಕುಕ್ಕರ್ ಕೂಗಿದರೆ ಮುಂದೆ ಬೇಳೆ ಮಸೆಯುವುದಿದೆ, ಒಗ್ಗರಣೆಯಿದೆ. ಆದ್ದರಿಂದ ಈಗ ಒಪ್ಪಂದವೇನೆಂದರೆ, 'ಮನೇಲೇ ಇದ್ದೀಯಲ್ಲ' ಬಾಬತ್ತಿನ ಸಣ್ಣಪುಟ್ಟದ್ದೆಲ್ಲ ಆ ಐದು ನಿಮಿಷಗಳ ಪಾಲಿಗೆ; ಬೇಳೆಯ ದೊಡ್ಡ ವ್ಯವಹಾರ ವಾಚು ಕಟ್ಟುವ ಮುಂಚೆಯೇ ಮುಗಿಯಬೇಕು.

ಮುಂಚೆಯೇ ಮುಗಿಸಿಡುವುದನ್ನು ಯಾರಿಂದಾದರೂ ಕಲಿಯಬೇಕಿದ್ದರೆ ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರಿಂದ ಕಲಿಯಬೇಕು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮಲಗಿದರೆ ಬೆಳಗ್ಗೆ ಗೆರಸೆ ಮಡಿಲಿಗೆಳೆದುಕೊಂಡು ಕೂತ ಕ್ಷಣ ಬೆರಳು ಓಡುತ್ತದೆ. ಏನು ಮಾಡಲಿ, ಎಲ್ಲಿಂದ ಹಿಡಿಯಲಿ ಎಂದು ಯೋಚಿಸುತ್ತ ಕೂರುವ ಅರ್ಧ ಗಂಟೆ ಅವರ ದಿನದಲ್ಲಿಲ್ಲ. ನಾನು ಕೂಡ ರಾತ್ರಿ ಮರುದಿನದ ಪುಟ ತೆರೆದು, ತಿದ್ದಬೇಕಾದ ಮೊದಲ ವಾಕ್ಯದ ಕೆಳಗೆ ಗೆರೆ ಎಳೆದಿಟ್ಟು ಮಲಗುತ್ತೇನೆ. ಹಾಗೆಂದು ಅವರ ಬದುಕನ್ನು ಚಿತ್ರಪಟ ಮಾಡಿ ತೂಗುಹಾಕಬಾರದು. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. ಕಟ್ಟದ ದಿನ ಕಾಸಿಲ್ಲ. ಬ್ರಾಂಚಿಗೆ ಒಯ್ದಾಗ ಒಪ್ಪಿಗೆಯಾಗದ ಬೀಡಿ ಲೆಕ್ಕಕ್ಕಿಲ್ಲ. ಹೊಗೆಸೊಪ್ಪಿನ ಧೂಳು ಮನೆಮಂದಿಗೆಲ್ಲ. ಮನೆಯಿಂದ ಕೆಲಸ ಎನ್ನುವುದನ್ನು 2020ರಲ್ಲಿ ಕಂಡುಹಿಡಿದೆವೆಂದು ನಾವು ಬೀಗುವಾಗ ಅವರೊಮ್ಮೆ ಕಣ್ಣ ಮುಂದೆ ಬರಬೇಕು.

ಇಷ್ಟೆಲ್ಲ ಕಟ್ಟುಪಾಡು ಮಾಡಿಕೊಂಡರೆ ಮನೆಯಲ್ಲಿ ಕೆಲಸ ನಿಜವಾಗಿ ಸಾಗುತ್ತದೆಯೆ? ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಸೀಟ್ರಿಪ್ ಎಂಬ ಪ್ರವಾಸಿ ಕಂಪನಿಯ ಕಾಲ್‌ಸೆಂಟರ್ ನೌಕರರನ್ನು ಒಂಬತ್ತು ತಿಂಗಳು ಗಮನಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಿತ್ತು. ಕೆಲಸ ಬಿಟ್ಟು ಹೋಗುವವರು ಅರ್ಧಕ್ಕಿಳಿದರು. ಆದರೆ ಮನೆಗೆ ಹೋಗಲು ಕಂಪನಿ ಹಾಕಿದ ಷರತ್ತುಗಳಲ್ಲಿ ಒಂದು, ಕೆಲಸಕ್ಕೆ ಬೇರೆ ಕೋಣೆ ಇರಬೇಕು ಎನ್ನುವುದು. ಅಲ್ಲಿಗೆ ನನ್ನಂಥವರ ಅರ್ಜಿ ಬಾಗಿಲಲ್ಲೇ ಬಿತ್ತು. ಇನ್ನೊಂದು ಸಂಗತಿಯೂ ಬಯಲಾಯಿತು. ಅಷ್ಟೇ ಚೆನ್ನಾಗಿ ದುಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಶಾಂಘೈ ಮ್ಯಾನೇಜರಿಗೂ ನಮ್ಮ ಅತ್ತೆಗೂ ಒಂದೇ ಕಣ್ಣು: ಕಾಣದ ಕೆಲಸ ಕೆಲಸವಲ್ಲ.

ಆ ಶೇ 13ರಲ್ಲಿ ಹೆಚ್ಚಿನ ಪಾಲು ಬಂದದ್ದು ಚುರುಕಿನಿಂದಲ್ಲ, ವಿರಾಮ ಮತ್ತು ರಜೆ ಕಡಿಮೆ ಮಾಡಿಕೊಂಡು ಹೆಚ್ಚು ಹೊತ್ತು ದುಡಿದದ್ದರಿಂದ. ನಾನು ಬೆಂಗಳೂರಿನಲ್ಲಿ ಕಂಡದ್ದೂ ಇದನ್ನೇ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಳೆಯುತ್ತಿದ್ದ ಗಂಟೆಗಳು ಉಳಿದವಲ್ಲ, ಅವು ಸಂಗೀತಕ್ಕೋ ನಿದ್ದೆಗೋ ಹೋಗಲಿಲ್ಲ. ಕೆಲಸವೇ ಮೆಲ್ಲಗೆ ಉಬ್ಬಿ ಅವನ್ನು ನುಂಗಿತು. ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ಹೇಳಿದ ನಿಯಮ ಇದೇ: ಹೊತ್ತು ಎಷ್ಟಿದೆಯೋ ಅಷ್ಟಕ್ಕೂ ಕೆಲಸ ಹಿಗ್ಗುತ್ತದೆ. ಬೇರೆ ಕೆಲಸವಿಲ್ಲದ ಅಜ್ಜಿಯೊಬ್ಬಳಿಗೆ ಒಂದು ಪೋಸ್ಟ್‌ಕಾರ್ಡ್ ಬರೆದು ಹಾಕಲು ಇಡೀ ದಿನ ಹಿಡಿಯುತ್ತದೆ ಎಂಬ ಉದಾಹರಣೆ ಅವರದು. ಆ ಅಜ್ಜಿಯ ಕಾರ್ಡು ಸಂಜೆಗಾದರೂ ಡಬ್ಬಿಗೆ ಬಿತ್ತು. ನಮ್ಮ ಲ್ಯಾಪ್‌ಟಾಪ್ ಮಲಗುವ ಕೋಣೆಯವರೆಗೂ ಬರುತ್ತದೆ.

ಹಾಗಾಗಿ ಮನೆಯಿಂದ ದುಡಿಯುವವರಿಗೆ ಕೂರುವ ಅಭ್ಯಾಸಕ್ಕಿಂತ ಏಳುವ ಅಭ್ಯಾಸ ಕಷ್ಟದ್ದು, ಹೆಚ್ಚು ಬೇಕಾದದ್ದು. ಇಳಕಲ್ ಸೀರೆಯಲ್ಲಿ ಸೆರಗಿನ ರೇಷ್ಮೆ ಹಾಸನ್ನೂ ಒಡಲಿನ ಹಾಸನ್ನೂ ಬೇರೆ ಬೇರೆಯಾಗಿ ಮಾಡಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದರಿಂದ ಹಾಸು ಒಂದು ಸೀರೆಯ ಉದ್ದಕ್ಕೆ ಮುಗಿಯುತ್ತದೆ. ಸೀರೆ ಇಳಿಸಿ, ಹೊಸ ಹಾಸು ಹೂಡಿದರೇ ಮುಂದಿನದು. ಬೀಡಿಯವರಿಗೆ ಸಾವಿರದ ಲೆಕ್ಕ. ಕರಡು ತಿದ್ದುವವಳಿಗೆ ಅಂಥ ಅಳತೆಯನ್ನು ಯಾರೂ ಕಟ್ಟಿಕೊಟ್ಟಿಲ್ಲ. ಇವತ್ತಿಗೆ ಇಷ್ಟು ಪುಟ ಎಂದು ಬೆಳಗ್ಗೆ ವಾಚು ಕಟ್ಟುವಾಗಲೇ ಬರೆದಿಟ್ಟುಕೊಳ್ಳಬೇಕು, ಅಷ್ಟಾದ ಮೇಲೆ ಬಿಚ್ಚಬೇಕು.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು ಎನ್ನುತ್ತದೆ ಕಥೆ. ಗುರಿ ಮೀರಿ ದುಡಿದವನನ್ನು ಗದರಿಸಿದ ಮೇಲ್ವಿಚಾರಕಿ ಆಕೆ. ಇಂದಿನ ಯಾವ ಕಂಪನಿಯೂ ಅಂಥವರನ್ನು ನೇಮಿಸಿಕೊಳ್ಳುವಂತೆ ಕಾಣುವುದಿಲ್ಲ. ಲಕ್ಕಮ್ಮನ ಕೆಲಸವನ್ನೂ ನಾವೇ, ಮನೆಯಿಂದಲೇ, ಸಂಬಳವಿಲ್ಲದೆ ಮಾಡಿಕೊಳ್ಳಬೇಕು. ಹೇಗೂ ಮನೇಲೇ ಇರುತ್ತೇವಲ್ಲ.