ತೆಂಗಿನ ಸೀಮೆಯಲ್ಲಿ ಒಂದು ಡೇರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಯಾವ ಬಸ್ಸು ಹತ್ತಿದರೂ ಕಿಟಕಿಯಾಚೆ ಕಾಣುವುದು ತೆಂಗು. ಕೆರೆ ಏರಿಯ ಹಿಂದೆ ತೆಂಗು, ಗುಡ್ಡದ ಬುಡದಲ್ಲಿ ತೆಂಗು, ಶಾಲೆಯ ಕಾಂಪೌಂಡಿನೊಳಗೂ ನಾಲ್ಕು ತೆಂಗು. ಇಲ್ಲಿ ಎಳನೀರಿಗಿಂತ ಬಲಿತ ಕಾಯಿಗೇ ಮರ್ಯಾದೆ ಹೆಚ್ಚು. ಕಾಯಿ ಮರದಲ್ಲೇ ಪೂರ್ತಿ ಬಲಿಯಬೇಕು. ಆಮೇಲೆ ಅಟ್ಟ ಸೇರಿ 8ರಿಂದ 11 ತಿಂಗಳು ಸುಮ್ಮನೆ ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ‘ಲೊಟಲೊಟ’ ಎಂದಾಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ತಿಪಟೂರಿನ ಹೆಸರು ದೇಶದ ಉದ್ದಗಲಕ್ಕೆ ಹೋಗಿರುವುದು ಈ ಕೊಬ್ಬರಿಯಿಂದಲೇ.

ಇಂಥ ಸೀಮೆಯಲ್ಲಿ ಬಟ್ಟೆಯ ಡೇರೆ ಹಾಕುವುದೆಂದರೆ ಊರಿನವರು ನಗುತ್ತಾರೆ. ನಮ್ಮಾಕೆಯೂ ನಕ್ಕಳು. “ಟೆಂಟಂತೆ! ನಾಲ್ಕು ಗರಿ ಹೆಣೆದು ಕೊಟ್ರೆ ಸಾಲ್ದಾ ನಿಮಗೆ?” ಎಂದಳು. ಆದರೆ ದಸರಾ ರಜೆಗೆ ತುರುವೇಕೆರೆ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದ ಮೊಮ್ಮಕ್ಕಳು ಪಟ್ಟು ಬಿಡಲಿಲ್ಲ. ಎಂಟನೇ ತರಗತಿಯ ಮೊಮ್ಮಗಳು ಗೈಡ್ಸ್‌ನಲ್ಲಿದ್ದಾಳೆ, ಹತ್ತು ಬಗೆಯ ಗಂಟು ಹಾಕಬಲ್ಲಳು. ಆರನೇ ತರಗತಿಯ ಮೊಮ್ಮಗನಿಗೆ ಗಂಟು ಬಿಚ್ಚುವುದರಲ್ಲಿ ಆಸಕ್ತಿ. ಅಂಗಡಿಯ ನೈಲಾನ್ ಟೆಂಟು ಬೇಡ, ಹಳೇ ಕಾಲದ ದಪ್ಪ ಬಟ್ಟೆಯದೇ ಆಗಬೇಕು, ಅದನ್ನು ನಾವೇ ಮಾಡಬೇಕು ಎಂಬುದು ಇಬ್ಬರ ಒಮ್ಮತ.

ಹಳೇ ಕಾಲದ ಡೇರೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ಊರೂರು ಸುತ್ತಿತು. ಕಂಪನಿ ಒಂದು ಊರಿನಲ್ಲಿ ಬೀಡುಬಿಟ್ಟರೆ ಅದಕ್ಕೆ ‘ಕ್ಯಾಂಪು’ ಎನ್ನುತ್ತಿದ್ದರು. “ಕಂಪನಿ ಕ್ಯಾಂಪು ಈಗ ಎಲ್ಲಿ?” ಎಂದು ಕೇಳುತ್ತಿದ್ದ ಅಜ್ಜಂದಿರಿಗೆ ಆ ಪದ ಆಗಲೇ ಕನ್ನಡವಾಗಿತ್ತು. ಆಮೇಲೆ ಟೂರಿಂಗ್ ಟಾಕೀಸು ಬಂತು. ನೆಲಕ್ಕೊಂದು ದರ, ಬೆಂಚಿಗೊಂದು, ಕುರ್ಚಿಗೊಂದು. ಮಳೆ ಜೋರಾದರೆ ತೆರೆಯ ಮೇಲಿನ ಮಾತು ಕೇಳುತ್ತಿರಲಿಲ್ಲ, ಮೇಲಿನ ಬಟ್ಟೆಯ ಮಾತೇ ಕೇಳುತ್ತಿತ್ತು. ಇದನ್ನು ಓದುತ್ತಿರುವ ಅಜ್ಜ ಅಜ್ಜಿಯರಿಗೆ ಆ ಸದ್ದು ನೆನಪಿರಬೇಕು.

ಆ ಡೇರೆಗಳ ಹರಕು ಹೊಲಿದ ಕೈಯೊಂದು ತಿಪಟೂರಿನಲ್ಲಿ ಇನ್ನೂ ಇದೆ ಎಂದು ಗೊತ್ತಿತ್ತು. ಈಗ ಅವರು ಲಾರಿಯ ಟಾರ್ಪಾಲು, ಅಂಗಡಿ ಮುಂದಿನ ನೆರಳಿನ ಬಟ್ಟೆ ಹೊಲಿಯುತ್ತಾರೆ. ವಯಸ್ಸು ಎಂಬತ್ತರ ಹತ್ತಿರ. ಮೂವರೂ ಅವರ ಅಂಗಡಿಗೆ ಹೋದೆವು.

“ಮೇಷ್ಟ್ರೇ, ಬಟ್ಟೆ ತಗೊಂಡು ಹೋಗಿ ಮೊದ್ಲು ನೆನೆಸ್ಕೊಂಡು ಬನ್ನಿ. ಹತ್ತಿ ಬಟ್ಟೆ ಕುಗ್ಗುತ್ತೆ. ಕುಗ್ಗಿದ ಮೇಲೇ ಕತ್ತರಿ” ಎಂದರು.

ಮೊಮ್ಮಗಳು ಅಲ್ಲೇ ಕೂತು ಲೆಕ್ಕ ಹಾಕಿದಳು. ಡೇರೆಯನ್ನು ಎದುರಿನಿಂದ ನೋಡಿದರೆ ತ್ರಿಕೋನ. ಮೂರು ಬದಿಯೂ 7 ಅಡಿ ಇಟ್ಟರೆ ಎತ್ತರ ಆರಡಿಗಿಂತ ಚೂರು ಹೆಚ್ಚು. ತಾತ ತಲೆ ತಗ್ಗಿಸದೆ ನಿಲ್ಲಬಹುದು. ಬಟ್ಟೆಯ ಅಗಲ 3 ಅಡಿ. ಒಂದು ಕಡೆಯ ನೆಲದಿಂದ ಮೇಲೇರಿ, ನೆತ್ತಿಯ ಗಳದ ಮೇಲೆ ಹಾದು, ಇನ್ನೊಂದು ಕಡೆಯ ನೆಲಕ್ಕೆ ಇಳಿಯುವ ಪಟ್ಟಿಗೆ ಮಡಿಕೆಯೂ ಸೇರಿ ಹದಿನಾಲ್ಕೂವರೆ ಅಡಿ. ಅಂಥ ಮೂರು ಪಟ್ಟಿ ಜೋಡಿಸಿದರೆ ಉದ್ದ ಎಂಟೂವರೆ ಅಡಿ ಸಿಗುತ್ತದೆ. ಹಿಂದು ಮುಂದಿನ ಮುಚ್ಚಿಗೆಗೆ ತ್ರಿಕೋನದ ತುಂಡುಗಳು ಬೇರೆ. ಒಟ್ಟು 20 ಮೀಟರ್. ಮೇಸ್ತ್ರಿ ಬೆರಳಿನಲ್ಲೇ ಎಣಿಸಿ ಅದೇ ಉತ್ತರ ಹೇಳಿದರು.

ನೀರು ತಡೆಯುವಂತೆ ಮಾಡುವುದು ಹೇಗೆ ಎಂಬ ಚರ್ಚೆ ಬಸ್ಸಿನಲ್ಲಿ ಶುರುವಾಯಿತು. “ತೆಂಗಿನೆಣ್ಣೆ ಹಚ್ಚೋಣ ತಾತ, ಮನೇಲೇ ಇದೆಯಲ್ಲ” ಎಂದ ಮೊಮ್ಮಗ. ಒಳ್ಳೆಯ ಪ್ರಶ್ನೆ. ಆದರೆ ತೆಂಗಿನೆಣ್ಣೆ ಒಣಗುವ ಜಾತಿಯದಲ್ಲ. ಅಗಸೆ ಎಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುತ್ತದೆ, ತೆಂಗಿನದು ವರ್ಷವಾದರೂ ಜಿಡ್ಡುಜಿಡ್ಡಾಗಿಯೇ ಇರುತ್ತದೆ. ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಕರಗುತ್ತದೆ, ಇರುವೆಗೆ ಹಬ್ಬ. ಹಾಗಾದರೆ ಅಗಸೆ ಎಣ್ಣೆ? ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವೇರಿ ಬೆಂಕಿ ಹೊತ್ತಿಕೊಳ್ಳುವುದುಂಟು. ಮಕ್ಕಳಿರುವ ಮನೆಗೆ ಬೇಡ.

ನಾವು ಹಿಡಿದದ್ದು ಸೋಪು ಮತ್ತು ಪಟಿಕದ ದಾರಿ. ಬಟ್ಟೆ ಒಗೆಯುವ ಸೋಪನ್ನು ತುರಿದು ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯನ್ನು ನೆನೆಹಾಕಿದೆವು. ಅರ್ಧ ಆರಿದ ಮೇಲೆ ಪಟಿಕದ ನೀರಿನಲ್ಲಿ ಅದ್ದಿದೆವು. ಎರಡೂ ಸೇರಿದಾಗ ನೀರಿನಲ್ಲಿ ಕರಗದ ಮೇಣದಂಥ ವಸ್ತುವೊಂದು ನೂಲಿನೊಳಗೆ ಕೂರುತ್ತದೆ. ಸೋಪಿನಲ್ಲಿ ತೆಂಗಿನೆಣ್ಣೆ ಇರುವುದನ್ನು ಹೊದಿಕೆಯ ಮೇಲೆ ಓದಿದ ಮೊಮ್ಮಗ, “ನಾನು ಹೇಳಿದ್ದೇ ಸರಿ ಆಯ್ತು” ಎಂದು ಅಕ್ಕನಿಗೆ ತೋರಿಸಿದ. ಎರಡು ದಿನ ಅಂಗಳದ ತಂತಿಯ ತುಂಬ ನಮ್ಮ ಬಟ್ಟೆಯೇ.

ಒಣಗುವಷ್ಟರಲ್ಲಿ ಚಿಕ್ಕನಾಯಕನಹಳ್ಳಿಗೆ ಹೋಗಿ ಒಂದು ಕರಿ ಕಂಬಳಿ ತಂದೆವು, ನೆಲಕ್ಕೆ ಹಾಸಲು. ಕುರಿ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿ ನೇಯ್ದದ್ದು. ಮೊದಲು ಚುಚ್ಚುತ್ತದೆ, ಆಮೇಲೆ ಬಿಡಲು ಮನಸ್ಸಾಗದು. ಹೊಲ ತೋಟಗಳಲ್ಲಿ ಮಂದೆ ಹಾಕಿ ರಾತ್ರಿ ಕಳೆಯುವ ಕುರಿಗಾಹಿಗೆ ಇದೇ ಹಾಸಿಗೆ, ಇದೇ ಹೊದಿಕೆ, ತಲೆಯ ಮೇಲೆ ಕೊಪ್ಪೆ ಮಾಡಿಕೊಂಡರೆ ಇದೇ ಡೇರೆ.

ಎರಡನೇ ಸಲ ತಿಪಟೂರಿಗೆ ಹೋಗುವಾಗ ಸ್ವಲ್ಪ ಬಳಸಿದರೂ ಸರಿ ಎಂದು ಅರಳಗುಪ್ಪೆಯಲ್ಲಿ ಇಳಿದೆವು. ಅಲ್ಲಿಯ ಕಲ್ಲೇಶ್ವರ ದೇವಾಲಯ 9ನೇ ಶತಮಾನದ್ದು. ಅದರ ಒಳಮಾಡಿನಲ್ಲಿ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ದೇವತೆಗಳು. ಕತ್ತು ನೋಯುವವರೆಗೆ ಮೇಲೆ ನೋಡಿದ ಮೊಮ್ಮಗ, “ಇದು ಸೋರಲ್ವಾ?” ಎಂದ. ಡೇರೆಯ ಗುಂಗು ಅಷ್ಟಿತ್ತು.

ಮೇಸ್ತ್ರಿಯ ಹೊಲಿಗೆ ನೋಡುವುದೇ ಒಂದು ಪಾಠ. ಜೀನ್ಸ್ ಪ್ಯಾಂಟಿನ ಪಕ್ಕದ ಹೊಲಿಗೆ ನೋಡಿದ್ದೀರಲ್ಲ? ಎರಡು ಅಂಚುಗಳು ಒಂದರೊಳಗೊಂದು ಮಡಿಸಿಕೊಂಡು ಕೈ ಕೈ ಹಿಡಿದಂತೆ ಇರುತ್ತವೆ, ಮೇಲೆ ಎರಡು ಸಾಲು ಹೊಲಿಗೆ. ಅದೇ ಇಲ್ಲಿಯೂ. ಜೋಡಣೆಗಳೆಲ್ಲ ನೆತ್ತಿಯಿಂದ ನೆಲಕ್ಕೆ ಇಳಿಯಬೇಕು. ಅಡ್ಡಡ್ಡ ಹೊಲಿದರೆ ಮಡಿಕೆಯಲ್ಲಿ ನೀರು ನಿಲ್ಲುತ್ತದೆ. ದಾರ ಹತ್ತಿಯದೇ, ಅದಕ್ಕೆ ಜೇನುಮೇಣ ಸವರಿದ್ದು. “ನೈಲಾನ್ ದಾರ ಗಟ್ಟಿ ನಿಜ. ಆದ್ರೆ ಹತ್ತಿ ದಾರ ನೆನೆದ್ರೆ ಊದ್ಕೊಂಡು ಸೂಜಿ ತೂತನ್ನ ತಾನೇ ಮುಚ್ಚುತ್ತೆ ಕಣಮ್ಮ” ಎಂದು ಮೊಮ್ಮಗಳಿಗೆ ವಿವರಿಸಿದರು. ಹಗ್ಗ ಕಟ್ಟುವ ಮೂಲೆಗಳಿಗೆ ಎರಡು ಪದರ ಬಟ್ಟೆ ಕೊಟ್ಟು ಹಿತ್ತಾಳೆಯ ಬಳೆ ಕೂರಿಸಿದರು. ಅವರ ಅಂಗಡಿಯಲ್ಲಿ ಈ ಕೆಲಸ ಕಲಿಯುವ ಹುಡುಗರು ಯಾರೂ ಇರಲಿಲ್ಲ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಗ್ಗ ಮಾತ್ರ ನಮ್ಮ ಸೀಮೆಯದೇ, ತೆಂಗಿನ ನಾರಿನದು. ಕಡಲ ತೀರದಲ್ಲಿ ಮಟ್ಟೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುತ್ತಾರೆ. ನಮ್ಮಲ್ಲಿ ಯಂತ್ರ ಬಡಿದು ತೆಗೆಯುತ್ತದೆ. ಹತ್ತಿ ಹಗ್ಗ ಮಳೆಗೆ ಬಿಗಿದುಕೊಂಡು ಗೂಟವನ್ನೇ ಕೀಳಬಲ್ಲದು. ನಾರಿನ ಹಗ್ಗದ ಸ್ವಭಾವ ಬೇರೆ: ಒದ್ದೆಗೆ ಬೇಗ ಕೊಳೆಯದು, ಆದರೆ ಎಳೆದಷ್ಟೂ ಹಿಗ್ಗುತ್ತದೆ. ಹಾಗಾಗಿ ಆಗಾಗ ಬಿಗಿಮಾಡುತ್ತಿರಬೇಕು. ಅದಕ್ಕೆ ಮೊಮ್ಮಗಳು ಕರಟದ ತುಂಡಿಗೆ ಎರಡು ತೂತು ಕೊರೆದು, ಹಗ್ಗ ಪೋಣಿಸಿ, ಮೇಲೆ ಕೆಳಗೆ ಜಾರಿಸುವ ಬಿಲ್ಲೆ ಮಾಡಿದಳು. ಎಂಟರಲ್ಲಿ ಎರಡು ಒಡೆದವು, ಆರು ನಿಂತವು.

ಇನ್ನು ಉಳಿದದ್ದು ಜಾಗ. ಜಗಳವಾದದ್ದೂ ಅಲ್ಲೇ. ಮೊಮ್ಮಗ ತೋಟದೊಳಗೆ ಎರಡು ಮರ ಗುರುತು ಮಾಡಿಟ್ಟಿದ್ದ. ಒಂದರಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿದರೆ ಗಳವೂ ಬೇಡ, ನೆರಳೂ ಸಿಗುತ್ತದೆ. ಚಿತ್ರದಲ್ಲಿ ನೋಡಲು ಚೆಂದವೇ. ನಾನು ಒಪ್ಪಲಿಲ್ಲ. ಮುಖ ಊದಿಸಿಕೊಂಡ. ಅಕ್ಕನನ್ನು ಕರೆದು ಲೆಕ್ಕ ಹಾಕಿಸಿದೆ. ಮರ 60 ಅಡಿ. ಬಲಿತ ಕಾಯಿ ಸಿಪ್ಪೆ ಸಮೇತ ಒಂದು ಕಿಲೋ ದಾಟುತ್ತದೆ. ಅಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ ಹೆಚ್ಚುಕಡಿಮೆ 65 ಕಿಲೋಮೀಟರ್ ವೇಗ, ಎಂದರೆ ಓಡುವ ಬಸ್ಸಿನ ವೇಗ. ಕಾಯಿ ಬೀಳದಿದ್ದರೆ ಗರಿ ಬೀಳುತ್ತದೆ. ಒಂದು ಮರ ಸರಾಸರಿ ತಿಂಗಳಿಗೊಂದು ಗರಿ ಉದುರಿಸುತ್ತದೆ, ಅದರ ಬುಡದ ಎಡಮಟ್ಟೆಯೇ ಸಾಕು ಗಳ ಮುರಿಯಲು. ಎಳನೀರು ಕೀಳುವ ಊರಿನ ತೋಟಕ್ಕಿಂತ ಕಾಯಿಯನ್ನು ಮರದಲ್ಲೇ ಬಲಿಯಲು ಬಿಡುವ ನಮ್ಮ ತೋಟದಲ್ಲಿ ಈ ಭಯ ಹೆಚ್ಚು.

“ತೋಟದೋರು ಯಾರಾದ್ರೂ ಮರದ ಕೆಳಗೆ ಮಲಗಿದ್ದು ನೋಡಿದ್ದೀಯಾ?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಇಲ್ಲ ಎಂದು ತಲೆಯಾಡಿಸಿದ.

ರಾಗಿ ಒಕ್ಕುವ ಕಣದಲ್ಲಿ ಹಾಕಿದೆವು. ಸುತ್ತ ಬಯಲು, ಹತ್ತಿರದ ಮರಕ್ಕೂ ಅದರ ಎತ್ತರಕ್ಕಿಂತ ಹೆಚ್ಚು ದೂರ. ಎರಡು ಬಿದಿರಿನ ಕಂಬ, ನೆತ್ತಿಗೊಂದು ಗಳ. ಜಾಲಿಯ ಗೂಟಗಳನ್ನು ಡೇರೆಯಿಂದ ಹೊರಕ್ಕೆ ವಾಲಿಸಿ ಹೊಡೆದೆವು. ಒಂದು ಮೂಲೆಯಲ್ಲಿ ಮಣ್ಣು ಸಡಿಲವಿತ್ತು. ಅಲ್ಲಿ ಮೊಳದಾಳ ಅಗೆದು, ಎಡಮಟ್ಟೆಗೆ ಹಗ್ಗ ಕಟ್ಟಿ ಅಡ್ಡಲಾಗಿ ಹೂತು, ಮಣ್ಣು ಮುಚ್ಚಿ ತುಳಿದೆವು. ಆ ಮೂಲೆಯೇ ಎಲ್ಲಕ್ಕಿಂತ ಗಟ್ಟಿಯಾಯಿತು. ಸುತ್ತ ಗೇಣಗಲದ ಕಾಲುವೆ ತೋಡಿ ತಗ್ಗಿನ ಕಡೆಗೆ ಬಿಟ್ಟೆವು. ನಕ್ಕಿದ್ದ ಅಜ್ಜಿಯೇ ಎರಡು ಗರಿ ಹೆಣೆದು ತಂದು, “ನೆಲದ ತೇವ ಕಂಬಳಿಗೆ ಏರದ ಹಾಗೆ ಇದನ್ನ ಕೆಳಗೆ ಹಾಕ್ಕೊಳ್ಳಿ” ಎಂದಳು.

ಎರಡನೇ ರಾತ್ರಿ ಮಳೆ ಬಂತು. ಹಿಂಗಾರಿನ ಮಳೆ, ಮೊದಲು ಗಾಳಿ, ಆಮೇಲೆ ಒಮ್ಮೆಲೇ ಸುರಿತ. ನಾವು ಮೂವರೂ ಒಳಗೆ, ನಡುವೆ ಒಂದು ಬ್ಯಾಟರಿ. ಬಟ್ಟೆ ನೆನೆದು ಬಿಗಿಯಿತು, ಸದ್ದು ತಮಟೆಯಂತಾಯಿತು. ಐದು ನಿಮಿಷ ಒಂದು ಹನಿ ಒಳಗೆ ಬರಲಿಲ್ಲ. “ಒಳಗಿನಿಂದ ಯಾರೂ ಬಟ್ಟೆ ಮುಟ್ಟಬೇಡಿ” ಎಂದು ಹೇಳಿದ್ದೆ. ಹಾಗೆ ಹೇಳಿದ ಮೇಲೆ ಮುಟ್ಟದ ಹುಡುಗ ಎಲ್ಲಿದ್ದಾನೆ? ಬೆರಳಿಟ್ಟ. ಇಟ್ಟ ಜಾಗದಲ್ಲೇ ನೀರು ಮುತ್ತಿನಂತೆ ಮೂಡಿ ಅವನ ಮೊಣಕೈವರೆಗೆ ಇಳಿಯಿತು. ನೂಲುಗಳ ಸಂದಿನಲ್ಲಿ ತಡೆದು ನಿಂತ ನೀರಿಗೆ ಬೆರಳು ದಾರಿ ತೋರಿಸುತ್ತದೆ. ಅಕ್ಕ ಆ ಒದ್ದೆಯ ಚುಕ್ಕೆಯಿಂದ ನೆಲದವರೆಗೆ ಬೆರಳಿನಲ್ಲಿ ಗೆರೆ ಎಳೆದಳು. ನೀರು ಆ ಗೆರೆ ಹಿಡಿದು ಜಾರಿ ಬದಿಗೆ ಇಳಿದುಹೋಯಿತು. ಗೈಡ್ಸ್‌ನಲ್ಲಿ ಕಲಿಸಿದ್ದಂತೆ.

ಮಳೆಯ ನಡುವೆ ತೋಟದ ಕಡೆಯಿಂದ ‘ಧಡ್’ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಸರಸರನೆ ಉದ್ದಕ್ಕೆ ಏನೋ ಕುಸಿದ ಸದ್ದು. ಮೊಮ್ಮಗ ಕಂಬಳಿ ಎಳೆದುಕೊಂಡು ನನ್ನ ಪಕ್ಕಕ್ಕೆ ಸರಿದ. ಯಾವ ಮರದ್ದು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ ಅವನೇ ಹೋಗಿ ನೋಡಿಕೊಂಡು, ಎರಡು ಕಾಯಿ ಹೆಗಲ ಮೇಲಿಟ್ಟು ತಂದು ಅಜ್ಜಿಗೆ ಕೊಟ್ಟ. ಗರಿ ಎಳೆದುತರಲು ಅಕ್ಕನನ್ನು ಕರೆದ.

ಡೇರೆಯನ್ನು ಎರಡು ದಿನ ಬಿಸಿಲಿಗೆ ಹರಡಿದೆವು. ಹತ್ತಿ ಬಟ್ಟೆಯನ್ನು ತೇವದಲ್ಲೇ ಮಡಿಸಿದರೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬರುತ್ತದೆ, ಮುಂದಿನ ವರ್ಷಕ್ಕೆ ಕೈಯಲ್ಲೇ ಹರಿಯುತ್ತದೆ. ಈಗ ಅದು ಅಟ್ಟದಲ್ಲಿ, ಇಲಿಗೆ ಸಿಗದಂತೆ ತೊಲೆಯಿಂದ ತೂಗುಬಿದ್ದಿದೆ. ಕೆಳಗೆ ಈ ವರ್ಷದ ಕಾಯಿಗಳ ರಾಶಿ. ಬೇಸಿಗೆ ರಜೆಗೆ ಅದನ್ನು ಬೆಂಗಳೂರಿಗೆ ಒಯ್ದು ಮನೆಯ ತಾರಸಿಯ ಮೇಲೆ ಹಾಕುವ ಯೋಚನೆ ಅವರದು. ಸಿಮೆಂಟಿನಲ್ಲಿ ಗೂಟ ಹೊಡೆಯುವುದು ಹೇಗೆ ಎಂದು ಕೇಳಿದ್ದಕ್ಕೆ ಮೊಮ್ಮಗಳು ನಿನ್ನೆ ಫೋನಿನಲ್ಲಿ ಹೇಳಿದಳು: “ಎಂಟು ಮರಳು ಚೀಲ ಸಾಕು ತಾತ, ಲೆಕ್ಕ ಹಾಕಿದ್ದೀನಿ. ಕರಟದ ಬಿಲ್ಲೆ ಮಾತ್ರ ಇನ್ನೆರಡು ಮಾಡಿಡಿ.”